ಹಗೇವಿನ ರಾಗಿ, ಟೋಕನ್ನಿನ ಬೆಲೆ

ಮೈಸೂರಿನ ಬ್ರಿಟಿಷ್ ಕಮಿಷನರ್ ಕಬ್ಬನ್ ಆಡಳಿತದಲ್ಲಿ ಚಿತ್ರದುರ್ಗ ವಿಭಾಗದ ಸೂಪರಿಂಟೆಂಡೆಂಟ್ ಆಗಿದ್ದ ಡಾಬ್ಸ್ ಹೆಸರು ಹೊತ್ತ ದಾಬಸ್‌ಪೇಟೆಯಲ್ಲಿ ಇಂದು ಹೆದ್ದಾರಿಯ ಮಗ್ಗುಲಿಗೇ ಸೋಂಪುರ ಕೈಗಾರಿಕಾ ಪ್ರದೇಶವಿದೆ, ಗೋದಾಮುಗಳಿವೆ. ಆದರೆ ದಾಸ್ತಾನಿನ ವಿದ್ಯೆ ಈ ಬಯಲುಸೀಮೆಗೆ ಪೇಟೆಗಿಂತ ಹಳೆಯದು. ರೈತರು ನೆಲದೊಳಗೆ ಹಗೇವು ತೋಡಿ, ಹುಲ್ಲು ಹಾಸಿ, ರಾಗಿ ಸುರಿದು, ಬಾಯಿಗೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತುತ್ತಿದ್ದರು. 1800ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಈ ಪದ್ಧತಿಯನ್ನು ಬರೆದಿಟ್ಟಿದ್ದಾನೆ. ಹಗೇವು ತೆರೆದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ. ಕೆಟ್ಟ ಗಾಳಿ ಹೋಗಲೆಂದು ಕಾದು, ದೀಪ ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಇಳಿಯುತ್ತಿದ್ದರು. ಎಲ್ಲರ ರಾಗಿಯೂ ಒಂದೇ ಕಣಜದಲ್ಲಿರದೆ ಊರ ತುಂಬ ಹಂಚಿಹೋಗಿದ್ದರಿಂದ ಒಂದು ಗುಂಡಿಗೆ ನೀರು ನುಗ್ಗಿದರೂ ಊರಿಗೆ ಊರೇ ಉಪವಾಸ ಬೀಳುತ್ತಿರಲಿಲ್ಲ.

ಕಡತಗಳನ್ನು ಒಂದೇ ಕಡೆ ಕೂಡಿಡದೆ ಹಲವರ ಕಂಪ್ಯೂಟರುಗಳಲ್ಲಿ ಹಂಚಿಡುವ ಸಿಯಾ, ಸ್ಟೋರ್ಜ್, ಫೈಲ್‌ಕಾಯಿನ್ ಜಾಲಗಳದ್ದೂ ಇದೇ ಭರವಸೆ. ಆ ಭರವಸೆ ಸುಳ್ಳಲ್ಲ. ನನ್ನ ತಕರಾರಿರುವುದು ದಾಸ್ತಾನಿನ ಮೇಲಲ್ಲ, ಅದರ ಹೆಸರಿನಲ್ಲಿ ಮಾರುವ ಟೋಕನ್ ಎಂಬ ಡಿಜಿಟಲ್ ನಾಣ್ಯದ ಮೇಲೆ. 2007ರ ಗೋದಾಮು ಕಾಯ್ದೆ ಗೋದಾಮಿನ ರಸೀದಿಯನ್ನೂ ಕೈಯಿಂದ ಕೈಗೆ ದಾಟಿಸಲು ದಾರಿ ಮಾಡಿತು. ಆದರೆ ರಸೀದಿಯ ಹಿಂದೆ ಇಂತಿಷ್ಟು ಮೂಟೆ ಎಂಬ ಸರಕಿದೆ. ಟೋಕನ್ನಿನ ಹಿಂದಿರುವುದು ಸರಕಲ್ಲ, ಮುಂದೆಂದೋ ಯಾರೋ ಜಾಗ ಬಾಡಿಗೆಗೆ ಕೇಳಿಯಾರು ಎಂಬ ನಿರೀಕ್ಷೆ. 2017ರಲ್ಲಿ ಸುಮಾರು 25 ಕೋಟಿ ಡಾಲರ್ ಎತ್ತಿ, 2020ರ ಅಕ್ಟೋಬರಿನಲ್ಲಿ ಜಾಲ ಶುರುಮಾಡಿದ ಫೈಲ್‌ಕಾಯಿನ್ ಖಾಲಿ ಜಾಗಕ್ಕೂ ಪ್ರತಿಫಲ ಕೊಟ್ಟಿತು. ಜಾಗ ಬೆಳೆದಷ್ಟು ಗಿರಾಕಿ ಬೆಳೆಯಲಿಲ್ಲ. 2021ರ ಏಪ್ರಿಲಿನಲ್ಲಿ 230 ಡಾಲರ್ ದಾಟಿದ್ದ ಟೋಕನ್ 2022ರ ಕೊನೆಗೆ 3 ಡಾಲರಿನ ಆಸುಪಾಸಿಗೆ ಇಳಿಯಿತು. ಗಮನಿಸಬೇಕಾದದ್ದು ಇದು: ನಿಜವಾಗಿ ಇಟ್ಟ ದತ್ತಾಂಶ ಹೆಚ್ಚುತ್ತಿದ್ದದ್ದು ಬೆಲೆ ಕುಸಿಯುತ್ತಿದ್ದ ಅದೇ ಅವಧಿಯಲ್ಲಿ.

ಆಗ ಬಿಟ್‌ಕಾಯಿನ್ನೂ ಬಿದ್ದಿತ್ತಲ್ಲ, ಫೈಲ್‌ಕಾಯಿನ್ ಒಂದನ್ನೇ ಏಕೆ ದೂರಬೇಕು ಎಂದು ಕೇಳಬಹುದು. ನನ್ನ ವಾದಕ್ಕೆ ಇದಕ್ಕಿಂತ ಗಟ್ಟಿ ಪುರಾವೆ ಬೇಕಿಲ್ಲ: ಬೆಲೆ ಹೋದದ್ದು ಸಂತೆಯ ಗಾಳಿಯ ಹಿಂದೆ, ದಾಸ್ತಾನಿನ ಹಿಂದಲ್ಲ. ಎಲ್ಲ ಜಾಲಗಳನ್ನೂ ಒಂದೇ ಅಳತೆಯಲ್ಲಿ ಅಳೆಯಬಾರದೆಂಬ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಸ್ಟೋರ್ಜ್ ಡಾಲರಿನಲ್ಲಿ ದರ ಹೇಳಿ ಜಾಗ ಕೊಟ್ಟವರಿಗೆ ಟೋಕನ್ನಿನಲ್ಲಿ ಸಲ್ಲಿಸುತ್ತದೆ. ಗಿರಾಕಿಗೆ ಇದು ನೆಮ್ಮದಿ, ಆದರೆ ಅವನು ಟೋಕನ್ ಮುಟ್ಟದೆಯೂ ಜಾಗ ಪಡೆಯಬಲ್ಲನಾದ್ದರಿಂದ ಟೋಕನ್ ಕೊಳ್ಳುವ ಅಗತ್ಯ ಅವನಿಗಿಲ್ಲ. 2015ರ ಸಿಯಾದಲ್ಲಿ ಹೊಸ ನಾಣ್ಯಗಳ ಹುಟ್ಟಿಗೆ ಕೊನೆಯಿಲ್ಲ. ಇಂಥದೇ ನಾಲ್ಕನೆಯ ಜಾಲ, 2018ರ ಆರ್‌ವೀವ್, ಒಮ್ಮೆ ಹಣ ಪಡೆದು ಅದರ ಬಹುಪಾಲನ್ನು ನಿಧಿಯಲ್ಲಿಟ್ಟು, ಮುಂದಿನ ಖರ್ಚನ್ನು ಅದರಿಂದಲೇ ತೂಗಿಸುತ್ತೇನೆನ್ನುತ್ತದೆ. ಡಿಸ್ಕಿನ ದರ ಇಳಿಯುತ್ತಲೇ ಹೋಗಬೇಕೆಂಬುದು ಅದರ ಲೆಕ್ಕ. ನಾಲ್ಕರಲ್ಲಿ ಹಗೇವಿನ ಬುದ್ಧಿಗೆ ಹತ್ತಿರದ್ದು ನನಗೆ ಆರ್‌ವೀವ್, ಕಷ್ಟಕಾಲಕ್ಕೆಂದು ಮೊದಲೇ ತೆಗೆದಿಡುತ್ತದಾದ್ದರಿಂದ. ಆದರೆ ಆ ನಿಧಿಯೂ ಅದರದೇ ಟೋಕನ್ನಿನಲ್ಲಿದೆ. ಇದರ ಮೇಲೆ ತೆರಿಗೆಯೂ ಇದೆ: 2022ರ ಏಪ್ರಿಲ್ 1ರಿಂದ ಇಂಥ ಟೋಕನ್ ಮಾರಿ ಬಂದ ಲಾಭಕ್ಕೆ ಭಾರತದಲ್ಲಿ ಶೇ. 30 ತೆರಿಗೆ, ಒಂದರ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವಂತಿಲ್ಲ. ಹೀಗಿರುವಾಗ ನಾಲ್ಕರ ಟೋಕನ್ನುಗಳನ್ನೂ ಸ್ವಲ್ಪ ಸ್ವಲ್ಪ ಕೊಂಡಿಟ್ಟರೆ ಒಂದಾದರೂ ಕೈಹಿಡಿದೀತು ಎಂಬ ಸಲಹೆ ಇಲ್ಲಿಯ ಹೂಡಿಕೆದಾರನಿಗೆ ದುಬಾರಿಯೇ.