ಒಂದು ಹಳೆಯ ಮಾಪಕದ ಜೀರ್ಣೋದ್ಧಾರ

1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿದಾಗ, ಅದರ ಆವೃತ್ತಿಯು ಸೆಕೆಂಡಿಗೆ 25 ಎಂಬುದನ್ನು ನಿರ್ಣಯಿಸಿದುದು ಕಾವೇರಿಯ ತಟದಲ್ಲಿ ತಿರುಗುತ್ತಿದ್ದ ಜನರೇಟರುಗಳ ವೇಗವೇ ಹೊರತು, ಅದನ್ನುಂಡು ದುಡಿಯುವ ಮೋಟಾರಿನ ಅಪೇಕ್ಷೆಯಲ್ಲ. ಬಂದ ಆವೃತ್ತಿಗೆ ಅಧೀನವಾಗಿ ಮೋಟಾರು ನಡೆಯಬೇಕಾಗಿದ್ದ ಆ ಕಾಲದಲ್ಲಿ, ತಂತಿಯ ವೋಲ್ಟೇಜು ಬಹುಮಟ್ಟಿಗೆ ನುಣುಪಾದ ಸೈನ್ ಅಲೆಯಾಗಿದ್ದುದರಿಂದ, ಯಾವ ಮಾಪಕವನ್ನು ಹಿಡಿದರೂ ಉತ್ತರ ಹೆಚ್ಚುಕಡಮೆ ಒಂದೇ ಆಗುತ್ತಿತ್ತು. ಅಳತೆಯ ವಿಷಯದಲ್ಲಿ ಜಿಜ್ಞಾಸೆಗೆ ಎಡೆಯೇ ಇರಲಿಲ್ಲ.

ಮಾಪಕಗಳಾದರೋ ಒಂದೇ ಕುಲದವಾಗಿರಲಿಲ್ಲ. 1880ರ ದಶಕದಲ್ಲಿ ಬ್ರಿಟಿಷ್ ಸೇನೆಯ ಎಂಜಿನಿಯರನಾಗಿದ್ದ ಫಿಲಿಪ್ ಕಾರ್ಡ್ಯೂ ರಚಿಸಿದ ಬಿಸಿತಂತಿಯ ಮಾಪಕದಲ್ಲಿ, ಪ್ರವಾಹದಿಂದ ಕಾದ ತೆಳುತಂತಿಯೊಂದು ಹಿಗ್ಗಿ ಮುಳ್ಳನ್ನು ತಿರುಗಿಸುತ್ತಿತ್ತು. ಅಲೆಯ ಆಕಾರ ಹೇಗೇ ಇರಲಿ, ಅದರ ತಾಪನಸಾಮರ್ಥ್ಯವನ್ನು, ಎಂದರೆ ಇಂದು ಆರ್‌ಎಂಎಸ್ ಎನ್ನುವ ಮೌಲ್ಯವನ್ನು, ಅದು ನಿರ್ವಂಚನೆಯಿಂದ ತೋರುತ್ತಿತ್ತು. ಕೆಲವು ದಶಕಗಳ ತರುವಾಯ ತಾಮ್ರದ ಆಕ್ಸೈಡಿನ ರೆಕ್ಟಿಫೈಯರು ದೊರೆತ ಮೇಲೆ ಬಂದ ಅಗ್ಗದ ಮೀಟರಿನ ಮಾರ್ಗವೇ ಬೇರೆ. ಅದು ಅಲೆಯ ಕೆಳಗಿನ ಅರ್ಧವನ್ನು ಮೇಲಕ್ಕೆ ಮಗುಚಿ, ಸರಾಸರಿಯನ್ನು ಹಿಡಿದು, ಆ ಸರಾಸರಿಯನ್ನು 1.11ರಿಂದ ಗುಣಿಸಿ ಗೆರೆಯೆಳೆದ ಫಲಕದ ಮೇಲೆ ಒಪ್ಪಿಸುತ್ತಿತ್ತು. ಈ 1.11 ಸೈನ್ ಅಲೆಗೆ ಸಲ್ಲುವ ಅನುಪಾತ; ಅಲೆ ವಿಕಾರಗೊಂಡರೆ ಓದಿದುದು ಸುಳ್ಳು. ಶಾಸ್ತ್ರಜ್ಞರು ಇದನ್ನು ಕಿಂಚಿತ್ ತಾತ್ಸಾರದಿಂದ ಕಂಡುದು ಸಹಜವೇ. ಮುಂದೆ ‘ಟ್ರೂ ಆರ್‌ಎಂಎಸ್’ ಎಂಬ ಬಿರುದನ್ನು ಹೊತ್ತ ಡಿಜಿಟಲ್ ಮೀಟರುಗಳು ಬಂದಮೇಲಂತೂ ಅದರ ಮಾನ ಮತ್ತಷ್ಟು ಕುಗ್ಗಿತು.

ಆದರೆ ಈ ಮಧ್ಯೆ ಅಲೆಯೇ ಬದಲಾಗಿತ್ತು. 1964ರಲ್ಲಿ ಸ್ವಿಟ್ಜರ್ಲೆಂಡಿನ ಬ್ರೌನ್ ಬೊವೇರಿ ಸಂಸ್ಥೆಯ ಷೋನುಂಗ್ ಮತ್ತು ಸ್ಟೆಮ್ಲರ್ ಎಂಬಿಬ್ಬರು, ಸೈನ್ ಅಲೆಯನ್ನು ತ್ರಿಕೋಣ ಅಲೆಯೊಡನೆ ತೂಗಿನೋಡಿ, ಅಗಲ ಕಿರಿದು ಹಿರಿದಾಗುವ ಮಿಡಿತಗಳಿಂದ ಮೋಟಾರನ್ನು ನಡೆಸುವ ವಿಧಾನವನ್ನು ಪ್ರಕಟಿಸಿದರು. 1968ರಲ್ಲಿ ಡೆನ್ಮಾರ್ಕಿನ ಡ್ಯಾನ್‌ಫಾಸ್ ಸಂಸ್ಥೆ ಆವೃತ್ತಿಯನ್ನು ಬದಲಿಸುವ ಡ್ರೈವುಗಳನ್ನು ಹೇರಳವಾಗಿ ತಯಾರಿಸತೊಡಗಿತು. 1980ರ ದಶಕದಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯಲ್ಲಿ ಐಜಿಬಿಟಿ ಎಂಬ ಟ್ರಾನ್ಸಿಸ್ಟರನ್ನು ರೂಪಿಸಿದ ಬಿ. ಜಯಂತ್ ಬಾಳಿಗ ಅವರು ಬೆಂಗಳೂರಿನ ಜಾಲಹಳ್ಳಿಯಲ್ಲಿ ಬೆಳೆದವರೆಂಬುದು ಕನ್ನಡಿಗರಿಗೆ ಸಂತೋಷದ ಸಂಗತಿ. ಸೆಕೆಂಡಿಗೆ ಸಾವಿರಾರು ಬಾರಿ ಮುಚ್ಚಿ ತೆರೆಯಬಲ್ಲ ಆ ಸಾಧನವು ಡ್ರೈವುಗಳನ್ನು ಹಿಟ್ಟಿನ ಗಿರಣಿಯಿಂದ ಲಿಫ್ಟಿನವರೆಗೆ ಎಲ್ಲೆಡೆಗೂ ತಂದಿತು.

415 ವೋಲ್ಟಿನ ಸರಬರಾಜನ್ನು ಡ್ರೈವು ಮೊದಲು ಸುಮಾರು 587 ವೋಲ್ಟಿನ ಡಿ.ಸಿ.ಯಾಗಿ ಮಾರ್ಪಡಿಸಿ, ಬಳಿಕ ಅದನ್ನು ಮಿಡಿತಗಳಾಗಿ ಕತ್ತರಿಸುತ್ತದೆ. ಪ್ರತಿಯೊಂದು ಮಿಡಿತದ ಎತ್ತರವೂ 587ರಷ್ಟೇ. ಬದಲಾಗುವುದು ಅಗಲ ಮಾತ್ರ. ಬಿಟ್ಟು ಬಿಟ್ಟು ಸುರಿದ ಮಳೆಯಿಂದ ಕೆರೆಯ ನೀರು ಸಮನಾಗಿ ಏರುವಂತೆ, ಈ ಮಿಡಿತಗಳನ್ನು ಒಳಗೊಂಡ ಮೋಟಾರಿನ ಕಾಯಿಲಿನಲ್ಲಿ ಕಾಂತತ್ವವು ಬಹುಮಟ್ಟಿಗೆ ಸೌಮ್ಯವಾಗಿಯೇ ಏರಿ ಇಳಿಯುತ್ತದೆ. 50 ಹರ್ಟ್ಸಿನ ಮೋಟಾರನ್ನು 25 ಹರ್ಟ್ಸಿನಲ್ಲಿ ನಡೆಸುವಾಗ ಅದಕ್ಕೆ ಸಲ್ಲಬೇಕಾದ ಮೂಲ ಅಲೆಯ, ಎಂದರೆ ಮಿಡಿತಗಳೊಳಗೆ ಅಡಗಿರುವ ಸೈನ್ ಅಲೆಯ, ವೋಲ್ಟೇಜು 415ರ ಅರ್ಧ, ಸುಮಾರು 207. ಈಗ ಪ್ರತಿಯೊಂದು ಮಿಡಿತವನ್ನೂ ಹಿಡಿಯಬಲ್ಲ ‘ಟ್ರೂ ಆರ್‌ಎಂಎಸ್’ ಮೀಟರನ್ನು ಇಟ್ಟರೆ, ಲೆಕ್ಕದಂತೆ ಅದು ಸುಮಾರು 331 ಎನ್ನಬೇಕು. ಅದರ ಮಾತು ಅಸತ್ಯವಲ್ಲ. ತಾಪನದ ದೃಷ್ಟಿಯಿಂದ ಅದು ಸರಿಯೇ. ಮೋಟಾರಿನ ತಿರುಗುಬಲಕ್ಕೆ ಕಾರಣವಾದ ವೋಲ್ಟೇಜು ಮಾತ್ರ ಅದಲ್ಲ. ಮಿಡಿತಗಳ ವೇಗವನ್ನು ಅರೆಬರೆಯಾಗಿ ಹಿಡಿಯುವ ಮೀಟರುಗಳಾದರೆ ಒಂದೊಂದು ಒಂದೊಂದು ಅಂಕಿಯನ್ನು ಹೇಳಿ, ಕಾರ್ಖಾನೆಯಲ್ಲಿ ಎಲೆಕ್ಟ್ರಿಷಿಯನ್ನನು ಕೆಟ್ಟಿರದ ಡ್ರೈವನ್ನು ಬಿಚ್ಚುವಂತೆ ಮಾಡುವುದೂ ಉಂಟು.

ತಿರಸ್ಕೃತವಾದ ಆ ಸರಾಸರಿಯ ಮೀಟರು ಏನು ಹೇಳುವುದೆಂಬುದನ್ನು ಈಗ ನೋಡಬೇಕು. ಎರಡು ಫೇಸುಗಳ ನಡುವೆ, ಅರ್ಧ ಆವರ್ತದೊಳಗಿನ ಮಿಡಿತಗಳೆಲ್ಲ ಒಂದೇ ದಿಕ್ಕಿನವಾದುದರಿಂದ, ಅವುಗಳ ಸರಾಸರಿಯೂ ಅವುಗಳೊಳಗೆ ಅಡಗಿರುವ ಸೈನ್ ಅಲೆಯ ಸರಾಸರಿಯೂ ಒಂದೇ: ಸುಮಾರು 187 ವೋಲ್ಟು. ಅದನ್ನು 1.11ರಿಂದ ಗುಣಿಸಿದರೆ ಬರುವುದು 207! ವಿಕೃತ ಅಲೆಗಳ ಮುಂದೆ ಸೋಲುವುದೆಂದು ನಿಂದಿತವಾಗಿದ್ದ ಮಾಪಕವು ಈ ಅತಿವಿಕೃತ ಅಲೆಯ ಮುಂದೆ ಗೆದ್ದುದು ಯಂತ್ರಶಾಸ್ತ್ರದ ಚರಿತ್ರೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ವಿನೋದಗಳಲ್ಲೊಂದು.

ಇತ್ತೀಚಿನ ಕೆಲವು ಡಿಜಿಟಲ್ ಮೀಟರುಗಳು, ಸುಮಾರು 1 ಕಿಲೋಹರ್ಟ್ಸಿಗಿಂತ ಮೇಲಿನದನ್ನು ತಡೆಯುವ ಫಿಲ್ಟರನ್ನು ಅಳವಡಿಸಿಕೊಂಡು ಇದೇ ಫಲವನ್ನು ಬೇರೆ ದಾರಿಯಿಂದ ಪಡೆದಿವೆ. ಉದ್ದವಾದ ಕೇಬಲ್ಲಿನ ತುದಿಯಲ್ಲಿ ಮಿಡಿತಗಳು ಪ್ರತಿಫಲಿಸಿ, 587ರ ಇಮ್ಮಡಿಯವರೆಗೆ ಏರಿ ಮೋಟಾರಿನ ಇನ್ಸುಲೇಷನ್ನನ್ನು ಕೆಡಿಸುವ ವ್ಯಾಪಾರ ಬೇರೆಯದು. ಅದಕ್ಕೆ ಆಸಿಲೋಸ್ಕೋಪೇ ಬೇಕು, ಮತ್ತಾವ ಮೀಟರೂ ಸಾಲದು. ಮೂಲ ಅಲೆಯ ಮಟ್ಟಿಗಾದರೋ, ಜಪಾನಿನ ಮಿತ್ಸುಬಿಷಿ ಸಂಸ್ಥೆಯ ಡ್ರೈವುಗಳ ಕೈಪಿಡಿಗಳಲ್ಲಿ, ಔಟ್‌ಪುಟ್ ವೋಲ್ಟೇಜನ್ನು ಅಳೆಯಲು ರೆಕ್ಟಿಫೈಯರ್ ಮಾದರಿಯ ಮೀಟರನ್ನೇ ಬಳಸಬೇಕೆಂಬ ಸೂಚನೆಯುಂಟು.