ಗಿನ್ನೆಸ್ ಡಬ್ಲಿನ್‌ನಲ್ಲೇ ಏಕೆ ರುಚಿ?

"ಗಿನ್ನೆಸ್ ಕುಡಿದರೆ ಡಬ್ಲಿನ್‌ನಲ್ಲೇ ಕುಡಿಯಬೇಕು ಗುರು" ಎಂದು ಆನ್‌ಸೈಟ್ ಹೋಗಿ ಬಂದವರೆಲ್ಲ ಹೇಳುತ್ತಾರೆ. ಜಂಬ ಸ್ವಲ್ಪ ಇದೆ, ಹುರುಳೂ ಇದೆ.

1759ರಲ್ಲಿ ಆರ್ಥರ್ ಗಿನ್ನೆಸ್ ವರ್ಷಕ್ಕೆ 45 ಪೌಂಡಿನಂತೆ 9000 ವರ್ಷಕ್ಕೆ ಗುತ್ತಿಗೆ ಹಿಡಿದದ್ದು ಡಬ್ಲಿನ್‌ನ ಸೇಂಟ್ ಜೇಮ್ಸಸ್ ಗೇಟ್ ಬ್ರೂವರಿ. ಈ ಸ್ಟೌಟ್ ಬಹುಕಾಲ ಪಬ್ಬಿಗೆ ಬರುತ್ತಿದ್ದದ್ದು ಮರದ ಪೀಪಾಯಿಗಳಲ್ಲಿ. ಪಬ್ಬಿನವನು ಎರಡು ಪೀಪಾಯಿ ಇಡುತ್ತಿದ್ದ: ಒಂದರಲ್ಲಿ ನೊರೆಯುಕ್ಕುವ ಹೊಸದು, ಇನ್ನೊಂದರಲ್ಲಿ ಗ್ಯಾಸ್ ಇಳಿದ ಹಳೆಯದು. ಎರಡನ್ನೂ ಒಂದೇ ಲೋಟದಲ್ಲಿ ಹದವಾಗಿ ಬೆರೆಸಬೇಕು. ರುಚಿಯ ಅರ್ಧ ಸುರಿಯುವವನ ಕೈಯಲ್ಲಿತ್ತು. ಡಬ್ಲಿನ್ ಒಳಗೇ ಪಬ್ಬಿಗೊಂದು ರುಚಿ ಇದ್ದರೆ ಆಶ್ಚರ್ಯವಿಲ್ಲ.

1959ರಲ್ಲಿ, ಗುತ್ತಿಗೆಗೆ 200 ತುಂಬಿದ ವರ್ಷ, ಕಂಪನಿಯ ಮೈಕೇಲ್ ಆಶ್ ಎಂಬ ಗಣಿತಜ್ಞನ ತಂಡ ಇದಕ್ಕೆ ಪರಿಹಾರ ತಂದಿತು: ಕಾರ್ಬನ್ ಡೈಆಕ್ಸೈಡ್ ಜೊತೆ ನೈಟ್ರೋಜನ್. ನೈಟ್ರೋಜನ್ ಸುಲಭಕ್ಕೆ ಕರಗದು. ಹಾಗಾಗಿ ಗುಳ್ಳೆ ಸಣ್ಣದು, ನೊರೆ ಕೆನೆಯಂತೆ, ನಾಲಿಗೆಗೆ ಚುರುಗುಟ್ಟುವುದು ಕಡಿಮೆ. ಪೀಪಾಯಿ ಒಂದೇ ಆದರೂ ಎರಡು ಸಲ ಸುರಿಯುವ ಪದ್ಧತಿ ಉಳಿಯಿತು. ಅದಕ್ಕೆ 119.5 ಸೆಕೆಂಡು ಬೇಕಂತೆ. ಆ ದಶಮಾಂಶ ಮಾರ್ಕೆಟಿಂಗ್‌ನವರದೇ ಇರಬೇಕು!

2011ರಲ್ಲಿ ಪ್ರಕಟವಾದ ಒಂದು ಅಧ್ಯಯನಕ್ಕಾಗಿ ನಾಲ್ವರು ಸಂಶೋಧಕರು 14 ದೇಶಗಳ 33 ಊರುಗಳಲ್ಲಿ ಒಟ್ಟು 103 ಸಲ ಕುಡಿದು ಅಂಕ ಹಾಕಿದರು. ನೂರಕ್ಕೆ ಐರ್ಲೆಂಡಿಗೆ ಸರಾಸರಿ 74, ಹೊರಗೆ 57. ವ್ಯತ್ಯಾಸ ದೊಡ್ಡದೇ. ಆದರೆ ತಾವು ಯಾವ ದೇಶದಲ್ಲಿ ಕುಡಿಯುತ್ತಿದ್ದೇವೆಂದು ಅವರಿಗೆ ಗೊತ್ತಿತ್ತಲ್ಲ! ಸಣ್ಣ ಸ್ಯಾಂಪಲ್ಲಿಗೆ ಟಿ-ಟೆಸ್ಟ್ ಕೊಟ್ಟ ಗಾಸೆಟ್ ಇದೇ ಬ್ರೂವರಿಯ ನೌಕರ; 1908ರಲ್ಲಿ 'ಸ್ಟೂಡೆಂಟ್' ಎಂಬ ಹೆಸರಲ್ಲಿ ಬರೆದವನು. ಅವನಿರಲಿ, ನಮ್ಮ ಕ್ಯೂಎ ಟೀಮಿನ ಹುಡುಗಿಯೂ ಇಂಥ ಟೆಸ್ಟಿಗೆ ಸಹಿ ಹಾಕುವುದಿಲ್ಲ.