ಗಣಕಜಾಲಗಳಲ್ಲಿ ಹೊರೆಹಂಚಿಕೆ: ಮಧ್ಯಸ್ಥಯಂತ್ರದ ಇತಿಹಾಸ

ಒಂದು ಸಂಸ್ಥೆಯ ಗಣಕಜಾಲಕ್ಕೆ ಬರುವ ಕೋರಿಕೆಗಳನ್ನು ಹಲವು ಸರ್ವರುಗಳಿಗೆ ಹಂಚಿಕೊಡುವ ಯಂತ್ರವನ್ನು ವ್ಯವಹಾರದಲ್ಲಿ ಲೋಡ್ ಬ್ಯಾಲೆನ್ಸರ್ ಎಂದು ಕರೆಯುತ್ತಾರೆ. ಪರೀಕ್ಷೆಯ ಫಲಿತಾಂಶ ಪ್ರಕಟವಾಗುವ ದಿನ ಲಕ್ಷಾಂತರ ವಿದ್ಯಾರ್ಥಿಗಳು ಒಂದೇ ಗಳಿಗೆಯಲ್ಲಿ ಒಂದೇ ವಿಳಾಸವನ್ನು ತೆರೆಯಲೆಳಸಿದಾಗ, ಅವರಿಗೆ ಉತ್ತರ ದೊರೆಯುವುದೂ ದೊರೆಯದಿರುವುದೂ ಬಹುಮಟ್ಟಿಗೆ ಈ ಯಂತ್ರವನ್ನೂ ಇದರ ಹಿಂದಿನ ಏರ್ಪಾಟನ್ನೂ ಅವಲಂಬಿಸಿರುತ್ತದೆ. ಇಂಥ ಯಂತ್ರಗಳನ್ನು ಹೋಲಿಸಿ ನೋಡುವ ಲೇಖನಗಳಿಗೆ ಕೊರತೆಯಿಲ್ಲ. ಆದರೆ ಅವುಗಳಲ್ಲಿ ಹೆಚ್ಚಿನವು ಸೆಕೆಂಡಿಗೆ ಎಷ್ಟು ಕೋರಿಕೆ, ಬೆಲೆ ಎಷ್ಟು ಎಂಬ ಅಂಕಿಗಳಲ್ಲಿಯೇ ನಿಂತುಬಿಡುತ್ತವೆ. ಈ ಯಂತ್ರಗಳು ಒಂದರಿಂದೊಂದು ಬೇರೆಯಾದುದು ಯಾವ ಕಾರಣದಿಂದ, ಯಾವ ಕ್ರಮದಲ್ಲಿ ಎಂಬುದು ಇತಿಹಾಸದ ಪ್ರಶ್ನೆ. ಅದನ್ನು ಇಲ್ಲಿ ವಿವೇಚಿಸಬಯಸುತ್ತೇವೆ. ನಡುವೆ ನಿಂತು ಹಂಚುವವನಿಗೆ ತಾನು ಹಂಚುತ್ತಿರುವುದೇನೆಂಬುದು ಎಷ್ಟರಮಟ್ಟಿಗೆ ತಿಳಿದಿರಬೇಕು? ಈ ಇತಿಹಾಸದ ತಿರುವುಗಳೆಲ್ಲ ಈ ಒಂದು ಪ್ರಶ್ನೆಗೆ ಕಾಲಕಾಲಕ್ಕೆ ದೊರೆತ ಉತ್ತರಗಳೆಂದು ನಮ್ಮ ಅಭಿಪ್ರಾಯ.

ಹೊರೆಹಂಚಿಕೆಯು ೧೯೯೦ರ ದಶಕದ ವೆಬ್ ವ್ಯಾಪಾರದಿಂದ ಹುಟ್ಟಿತೆಂಬ ಮಾತು ಪ್ರಚಲಿತವಾಗಿದೆ. ಯಂತ್ರದ ಮಟ್ಟಿಗೆ ಇದು ನಿಜ; ವಿಚಾರದ ಮಟ್ಟಿಗೆ ಅಲ್ಲ. ಡೆನ್ಮಾರ್ಕಿನ ಗಣಿತಜ್ಞ ಆಗ್ನರ್ ಕ್ರಾರುಪ್ ಎರ್ಲಾಂಗನು (೧೮೭೮-೧೯೨೯) ಕೋಪನ್‌ಹೇಗನ್ನಿನ ಟೆಲಿಫೋನ್ ಕಂಪನಿಯಲ್ಲಿದ್ದುಕೊಂಡು ೧೯೦೯ರಲ್ಲಿ ಸಂಭವನೀಯತೆಯ ಸಿದ್ಧಾಂತವನ್ನು ದೂರವಾಣಿಯ ಸಂಭಾಷಣೆಗಳಿಗೆ ಅನ್ವಯಿಸಿ ಒಂದು ಪ್ರಬಂಧವನ್ನು ಪ್ರಕಟಿಸಿದನು. ೧೯೧೭ರ ಇನ್ನೊಂದು ಪ್ರಬಂಧದಲ್ಲಿ, ಇಷ್ಟು ತಂತಿಗಳಿದ್ದರೆ ನೂರರಲ್ಲಿ ಎಷ್ಟು ಕರೆಗಳು ವಿಫಲವಾಗುವುವು ಎಂದು ಲೆಕ್ಕಹಾಕುವ ಸೂತ್ರವನ್ನು ಕೊಟ್ಟನು. ಒಂದು ತಂತಿಯನ್ನು ಬಿಡುವಿಲ್ಲದೆ ತುಂಬಿಸುವಷ್ಟು ಸಂಭಾಷಣೆಗೆ ಈಗ ಆತನ ಹೆಸರೇ ಮಾನವಾಗಿದೆ. ನೂರು ಕರೆಗಳಲ್ಲಿ ಒಂದು ಮಾತ್ರ ವಿಫಲವಾಗಬಹುದೆಂದು ಇಟ್ಟುಕೊಂಡರೆ, ಆ ಸೂತ್ರದ ಪ್ರಕಾರ ೧೦ ತಂತಿಗಳ ಗುಂಪೊಂದು ಸುಮಾರು ೪.೪೬ ಎರ್ಲಾಂಗುಗಳಷ್ಟು ಸಂಭಾಷಣೆಯನ್ನು ಹೊರಬಲ್ಲದು. ಅಂಥ ಎರಡು ಗುಂಪುಗಳು ಬೇರೆಬೇರೆಯಾಗಿದ್ದರೆ ಒಟ್ಟು ೮.೯೨. ಅದೇ ೨೦ ತಂತಿಗಳನ್ನು ಒಂದೇ ಗುಂಪು ಮಾಡಿದರೆ ಅವು ೧೨ಕ್ಕೂ ತುಸು ಹೆಚ್ಚು ಹೊರುತ್ತವೆ. ಒಂದು ತಂತಿಯನ್ನೂ ಹೊಸದಾಗಿ ಎಳೆಯದೆ, ಕೇವಲ ಕೂಡಿಸಿದ್ದರಿಂದಲೇ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚಿನ ಲಾಭ ಬಂದಿತಷ್ಟೆ. ಹೊರೆಹಂಚಿಕೆಯ ಸಮಸ್ತ ಪ್ರಯೋಜನವೂ ಈ ಲೆಕ್ಕದಲ್ಲಿ ಅಡಗಿದೆ.

ಆದರೆ ಈ ಲೆಕ್ಕದ ಹಿಂದೆ ಒಂದು ನಿಬಂಧನೆಯಿರುವುದನ್ನು ಮರೆಯಲಾಗದು. ಯಾವ ಕರೆಯಾದರೂ ಯಾವ ತಂತಿಯಲ್ಲಾದರೂ ಹೋಗಬಹುದಾಗಿರಬೇಕು. ತಂತಿ ತಂತಿಗೆ ಭೇದವಿರಕೂಡದು. ಟೆಲಿಫೋನಿನಲ್ಲಿ ಇದು ಸಹಜವಾಗಿಯೇ ಇತ್ತು. ತಂತಿಗೆ ನೆನಪೆಂಬುದಿಲ್ಲ. ಸರ್ವರಿಗೆ ನೆನಪುಂಟು. ಮುಂದಿನ ತೊಡಕುಗಳೆಲ್ಲ ಹುಟ್ಟಿದ್ದು ಇಲ್ಲಿ.

ವೆಬ್ಬಿನಲ್ಲಿ ಈ ಸಮಸ್ಯೆ ಮೊದಲು ತೀವ್ರವಾಗಿ ತಲೆದೋರಿದ ಸ್ಥಳಗಳಲ್ಲೊಂದು, ಅಮೆರಿಕದ ಇಲಿನಾಯ್ ವಿಶ್ವವಿದ್ಯಾನಿಲಯದಲ್ಲಿರುವ ರಾಷ್ಟ್ರೀಯ ಸೂಪರ್‌ಕಂಪ್ಯೂಟಿಂಗ್ ಅನ್ವಯಗಳ ಕೇಂದ್ರ. ಅಲ್ಲಿಂದ ೧೯೯೩ರಲ್ಲಿ ಹೊರಬಿದ್ದ ಮೊಸಾಯಿಕ್ ಎಂಬ ಬ್ರೌಸರು ಜನಪ್ರಿಯವಾದಂತೆ ಕೇಂದ್ರದ ಸ್ವಂತ ಸರ್ವರು ಕೋರಿಕೆಗಳ ಭಾರದಿಂದ ಕುಸಿಯತೊಡಗಿತು. ಕಾಟ್ಜ್, ಬಟ್ಲರ್, ಮೆಗ್ರಾ ಎಂಬ ಮೂವರು ೧೯೯೪ರಲ್ಲಿ ವಿವರಿಸಿದ ಪರಿಹಾರ ಸರಳವಾದುದು. ಹಲವು ಸರ್ವರುಗಳನ್ನು ನಿಲ್ಲಿಸಿ, ಅವೆಲ್ಲಕ್ಕೂ ಕಡತಗಳು ಒಂದೇ ಸಾಮಾನ್ಯ ಭಂಡಾರದಿಂದ ದೊರೆಯುವಂತೆ ಮಾಡಿದರು. ಹೆಸರಿಗೆ ವಿಳಾಸ ಹೇಳುವ ಡಿ.ಎನ್.ಎಸ್. ವ್ಯವಸ್ಥೆಯು ಪ್ರತಿ ಬಾರಿ ಕೇಳಿದಾಗಲೂ ಸರದಿಯಂತೆ ಬೇರೊಂದು ಸರ್ವರಿನ ವಿಳಾಸವನ್ನು ಹೇಳುವಂತೆ ಮಾಡಿದರು. ಎಲ್ಲ ಸರ್ವರುಗಳೂ ಸಮಾನವಾಗಿದ್ದುದರಿಂದ ಎರ್ಲಾಂಗನ ನಿಬಂಧನೆ ಇಲ್ಲಿ ಪಾಲನೆಯಾಗಿತ್ತು. ಹಂಚುವವನಿಗಾದರೋ ಹಂಚುತ್ತಿರುವುದರ ಬಗ್ಗೆ ಏನೂ ತಿಳಿದಿರಲಿಲ್ಲ.

ಈ ಅಜ್ಞಾನವೇ ಅದರ ದೋಷವೂ ಆಯಿತು. ಡಿ.ಎನ್.ಎಸ್. ಹೇಳಿದ ಉತ್ತರವನ್ನು ದಾರಿಯಲ್ಲಿರುವ ಇತರ ಯಂತ್ರಗಳು ಸ್ವಲ್ಪ ಕಾಲ ನೆನಪಿನಲ್ಲಿಟ್ಟುಕೊಳ್ಳುತ್ತವೆ. ದೊಡ್ಡ ಕಚೇರಿಯೊಂದರ ಸಾವಿರ ಮಂದಿಗೆ ಒಂದೇ ಉತ್ತರ ಸಿಕ್ಕಿ, ಸಾವಿರ ಮಂದಿಯೂ ಒಂದೇ ಸರ್ವರಿನ ಮೇಲೆ ಎರಗುವುದು ಇದರಿಂದ ಸಾಧ್ಯ. ಸರ್ವರೊಂದು ಕೆಟ್ಟುನಿಂತರೂ ಡಿ.ಎನ್.ಎಸ್. ಅದರ ವಿಳಾಸವನ್ನು ಹೇಳುತ್ತಲೇ ಹೋಗುತ್ತದೆ. ರಟ್ಗರ್ಸ್ ವಿಶ್ವವಿದ್ಯಾನಿಲಯದ ಬ್ರಿಸ್ಕೋ ಎಂಬಾತನು ೧೯೯೫ರ ಏಪ್ರಿಲಿನಲ್ಲಿ ಪ್ರಕಟವಾದ ಅಂತರಜಾಲ ಪತ್ರದಲ್ಲಿ ಈ ಕ್ರಮವನ್ನು ವಿಮರ್ಶಿಸಿದ್ದಾನೆ. ಉತ್ತರದ ಆಯುಸ್ಸನ್ನು ಕಡಿಮೆ ಮಾಡಿದರೆ ಹಂಚಿಕೆ ಸುಧಾರಿಸುವುದೇನೋ ಸರಿ, ಆದರೆ ಡಿ.ಎನ್.ಎಸ್. ವ್ಯವಸ್ಥೆಯ ಮೇಲಿನ ಹೊರೆ ಅಷ್ಟಕ್ಕಷ್ಟು ಏರುತ್ತದೆ.

ಎರಡನೆಯ ಘಟ್ಟದಲ್ಲಿ ಹಂಚುವವನು ದಾರಿಯ ನಡುವೆಯೇ ಬಂದು ನಿಂತನು. ಇದರ ಮೂಲ ಕುತೂಹಲಕರವಾಗಿದೆ. ಅಂತರಜಾಲದ ನಾಲ್ಕನೆಯ ಆವೃತ್ತಿಯ ವಿಳಾಸಗಳು ಒಟ್ಟು ಸುಮಾರು ೪೩೦ ಕೋಟಿ ಮಾತ್ರ. ಅವು ಮುಗಿದುಹೋಗುವುವೆಂಬ ಭಯದಿಂದ, ಒಳಗಿನ ಅನೇಕ ಗಣಕಗಳನ್ನು ಹೊರಗೆ ಕೆಲವೇ ವಿಳಾಸಗಳಿಂದ ತೋರಿಸುವ ವಿಳಾಸಾಂತರದ ಯಂತ್ರಗಳು ಬಂದವು. ನೆಟ್‌ವರ್ಕ್ ಟ್ರಾನ್ಸ್‌ಲೇಷನ್ ಎಂಬ ಸಣ್ಣ ಸಂಸ್ಥೆಯ ಪಿಕ್ಸ್ ಅಂಥದೊಂದು. ಸಿಸ್ಕೋ ಕಂಪನಿಯು ೧೯೯೫ರಲ್ಲಿ ಆ ಸಂಸ್ಥೆಯನ್ನು ಕೊಂಡುಕೊಂಡು, ಅದೇ ವಿಚಾರವನ್ನು ತಿರುವುಮುರುವು ಮಾಡಿ, ೧೯೯೬ರಲ್ಲಿ ಲೋಕಲ್ ಡೈರೆಕ್ಟರ್ ಎಂಬ ಯಂತ್ರವನ್ನು ಮಾರಾಟಕ್ಕೆ ತಂದಿತು. ಹೊರಗಿನವರಿಗೆ ಕಾಣುವುದು ಒಂದೇ ವಿಳಾಸ. ಅದರ ಹಿಂದೆ ಸರ್ವರುಗಳ ಸಾಲು. ಹೊಸ ಸಂಪರ್ಕದ ಮೊದಲ ಪ್ಯಾಕೆಟ್ಟು ಬಂದೊಡನೆ ಯಂತ್ರವು ಒಂದು ಸರ್ವರನ್ನು ಆರಿಸಿ, ಆ ಆಯ್ಕೆಯನ್ನು ಕೋಷ್ಟಕದಲ್ಲಿ ಬರೆದುಕೊಂಡು, ಮುಂದಿನ ಪ್ಯಾಕೆಟ್ಟುಗಳನ್ನೆಲ್ಲ ವಿಳಾಸ ತಿದ್ದಿ ಅಲ್ಲಿಗೇ ಕಳಿಸುತ್ತದೆ. ಇಂಥ ಯಂತ್ರ ಸರ್ವರುಗಳು ಜೀವಂತವಾಗಿವೆಯೆ ಎಂದು ಆಗಾಗ ತಟ್ಟಿ ನೋಡಬಲ್ಲದು. ಉತ್ತರ ಕೊಡದ ಸರ್ವರನ್ನು ಸಾಲಿನಿಂದ ತೆಗೆಯಬಲ್ಲದು. ಸಂಪರ್ಕಗಳೆಷ್ಟು ಎಂಬುದು ಅದಕ್ಕೆ ಗೊತ್ತು. ಸಂಪರ್ಕದಲ್ಲಿ ಏನಿದೆಯೆಂಬುದು ಗೊತ್ತಿಲ್ಲ. ಜಾಲಶಾಸ್ತ್ರದ ಏಳು ಸ್ತರಗಳ ಲೆಕ್ಕದಲ್ಲಿ ಇದು ನಾಲ್ಕನೆಯ ಸ್ತರದ ಹಂಚಿಕೆ.

೧೯೯೬ರಲ್ಲಿಯೇ ಸಿಯಾಟಲಿನಲ್ಲಿ ಎಫ್ ಫೈವ್ ಎಂಬ ಕಂಪನಿ ಸ್ಥಾಪಿತವಾಗಿ ಮರುವರ್ಷ ಬಿಗ್-ಐಪಿ ಎಂಬ ಯಂತ್ರವನ್ನು ಹೊರತಂದಿತು. (ಆ ವರ್ಷ ತೆರೆಕಂಡ ‘ಟ್ವಿಸ್ಟರ್’ ಚಲನಚಿತ್ರದಲ್ಲಿ ಬರುವ ಅತ್ಯುಗ್ರ ಸುಂಟರಗಾಳಿಯ ಶ್ರೇಣಿಯೇ ಈ ಹೆಸರಿನ ಮೂಲ. ಹೊರೆಯನ್ನು ಶಾಂತಗೊಳಿಸತಕ್ಕ ಯಂತ್ರಕ್ಕೆ ಬಿರುಗಾಳಿಯ ಹೆಸರು!) ಅದೇ ವರ್ಷ ಹುಟ್ಟಿದ ಆಲ್ಟಿಯಾನ್ ಕಂಪನಿ ಬೇರೊಂದು ಹಾದಿ ಹಿಡಿಯಿತು. ಎಫ್ ಫೈವ್ ಸಾಮಾನ್ಯ ಗಣಕದ ಮೇಲೆ ತನ್ನ ತಂತ್ರಾಂಶವನ್ನು ಓಡಿಸಿದರೆ, ಆಲ್ಟಿಯಾನ್ ಸ್ವಿಚ್ಚಿನೊಳಗಿನ ವಿಶೇಷ ಚಿಪ್ಪುಗಳಿಗೆ ಕೆಲಸವನ್ನು ಒಪ್ಪಿಸಿತು. ವೇಗದಲ್ಲಿ ಚಿಪ್ಪಿಗೇ ಮೇಲುಗೈ. ಅಂದಿನ ಪೇಟೆಯೂ ವೇಗಕ್ಕೇ ಬೆಲೆ ಕಟ್ಟಿತು: ೨೦೦೦ದಲ್ಲಿ ಸಿಸ್ಕೋ ಆರೋಪಾಯಿಂಟ್ ಎಂಬ ಕಂಪನಿಗೆ ಸುಮಾರು ೫೭೦ ಕೋಟಿ ಡಾಲರುಗಳನ್ನೂ ನಾರ್ಟೆಲ್ ಆಲ್ಟಿಯಾನಿಗೆ ಸುಮಾರು ೭೮೦ ಕೋಟಿ ಡಾಲರುಗಳನ್ನೂ ಷೇರುಗಳ ರೂಪದಲ್ಲಿ ಕೊಡಲೊಪ್ಪಿದವು. ನಾರ್ಟೆಲ್ ದಿವಾಳಿಯಾದ ೨೦೦೯ರಲ್ಲಿ ಅದೇ ಆಲ್ಟಿಯಾನ್ ವ್ಯವಹಾರವು ಇಸ್ರೇಲಿನ ರಾಡ್‌ವೇರ್ ಕಂಪನಿಗೆ ಸುಮಾರು ೧ ಕೋಟಿ ೮೦ ಲಕ್ಷ ಡಾಲರಿಗೆ ಹೋಯಿತು. ಷೇರುಪೇಟೆಯ ಉಬ್ಬರ ಇಳಿದುದು ಇದಕ್ಕೆ ಮುಖ್ಯ ಕಾರಣವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅಷ್ಟೇ ಕಾರಣವಲ್ಲ. ಆ ವೇಳೆಗೆ ಪ್ರಶ್ನೆಯೇ ಬದಲಾಗಿತ್ತು.

ಬದಲಾಯಿಸಿದುದು ಅಂಗಡಿಯ ಬುಟ್ಟಿ. ವೆಬ್ಬಿನ ಭಾಷೆಯಲ್ಲಿ ಪ್ರತಿಯೊಂದು ಕೋರಿಕೆಯೂ ಸ್ವತಂತ್ರ. ಹಿಂದಿನ ಕೋರಿಕೆಯನ್ನು ಮುಂದಿನದು ಅರಿಯದು. ವ್ಯಾಪಾರಕ್ಕೆ ಇದು ಸಾಲದು. ಗ್ರಾಹಕನು ಆರಿಸಿದ ವಸ್ತುಗಳ ಪಟ್ಟಿ ಒಂದು ಸರ್ವರಿನ ನೆನಪಿನಲ್ಲಿದ್ದು, ಅವನ ಮುಂದಿನ ಕೋರಿಕೆ ಇನ್ನೊಂದು ಸರ್ವರಿಗೆ ಹೋದರೆ ಬುಟ್ಟಿ ಬರಿದಾಗಿ ಕಾಣುತ್ತದೆ. ಆದಕಾರಣ ಒಬ್ಬ ಗ್ರಾಹಕನನ್ನು ಒಂದೇ ಸರ್ವರಿಗೆ ಅಂಟಿಸಬೇಕಾಯಿತು. ಮೊದಲು ವಿಳಾಸವನ್ನು ಗುರುತಾಗಿಟ್ಟುಕೊಂಡರು, ಅದು ಫಲಿಸಲಿಲ್ಲ. ಅಮೆರಿಕ ಆನ್‌ಲೈನಿನಂಥ ದೊಡ್ಡ ಸೇವೆಗಳ ಲಕ್ಷಾಂತರ ಗ್ರಾಹಕರು ಹೊರಗೆ ಕೆಲವೇ ವಿಳಾಸಗಳಿಂದ ಕಾಣುತ್ತಿದ್ದರು; ಒಬ್ಬನ ಕೋರಿಕೆಗಳೇ ಬೇರೆಬೇರೆ ವಿಳಾಸಗಳಿಂದ ಬರುವುದೂ ಉಂಟು. ಕಡೆಗೆ ಕೋರಿಕೆಯೊಳಗಿನ ‘ಕುಕಿ’ ಎಂಬ ಗುರುತುಚೀಟಿಯನ್ನು ಓದದೆ ಗತ್ಯಂತರವಿಲ್ಲವಾಯಿತು. ಹೀಗೆ ಹಂಚುವವನು ಲಕೋಟೆಯ ಮೇಲಿನ ವಿಳಾಸವನ್ನು ಬಿಟ್ಟು ಒಳಗಿನ ಕಾಗದಕ್ಕೆ ಕೈಹಾಕಿದನು. ಇದು ಏಳನೆಯ ಸ್ತರ.

ಲಕೋಟೆಗೆ ಅರಗಿನ ಮುದ್ರೆಯಿದ್ದರೇನು ಗತಿ? ಬ್ಯಾಂಕಿನ ವ್ಯವಹಾರವೆಲ್ಲ ಗೂಢಲಿಪಿಯಲ್ಲಿ ನಡೆಯತಕ್ಕದ್ದು. ಅದನ್ನು ಓದಬೇಕಾದರೆ ಸರ್ವರಿನ ಗುಪ್ತ ಕೀಲಿ ಮಧ್ಯಸ್ಥಯಂತ್ರದ ಕೈಯಲ್ಲಿರಬೇಕು. ಕೀಲಿಯನ್ನು ಕೊಡಲಾಯಿತು. ಸರ್ವರುಗಳಿಗೆ ಗೂಢಲಿಪಿಯ ಲೆಕ್ಕಾಚಾರದ ಶ್ರಮ ತಪ್ಪಿತೆಂಬ ಸಮಾಧಾನವೂ ಜೊತೆಗೆ ದೊರೆಯಿತು. ನಮ್ಮ ದೃಷ್ಟಿಯಲ್ಲಿ ಈ ಇತಿಹಾಸದ ನಿರ್ಣಾಯಕ ಗಳಿಗೆ ಇದೇ. ಒಮ್ಮೆ ಎಲ್ಲವನ್ನೂ ಓದಬಲ್ಲ ಯಂತ್ರವು ನಡುವೆ ನಿಂತಮೇಲೆ ಅದಕ್ಕೆ ಒಂದೊಂದಾಗಿ ಕೆಲಸಗಳು ಬಂದು ಸೇರಿದವು: ಉತ್ತರವನ್ನು ಸಂಕುಚಿಸುವುದು, ಪದೇಪದೇ ಕೇಳಿದ್ದನ್ನು ತಾನೇ ನೆನಪಿನಿಂದ ಕೊಡುವುದು, ದುಷ್ಟ ಕೋರಿಕೆಗಳನ್ನು ತಡೆಯುವುದು, ಒಳಬರುವವನ ಗುರುತನ್ನು ಪರಿಶೀಲಿಸುವುದು. ಸಾವಿರಾರು ಗ್ರಾಹಕರ ಸಂಪರ್ಕಗಳನ್ನು ತಾನು ಹಿಡಿದುಕೊಂಡು, ಸರ್ವರಿನ ಕಡೆ ಕೆಲವೇ ಸಂಪರ್ಕಗಳಲ್ಲಿ ಅವನ್ನು ಸಾಗಿಸುವ ಉಪಾಯದಿಂದ ನೆಟ್‌ಸ್ಕೇಲರ್ ಹೆಸರು ಮಾಡಿತು. ೨೦೦೫ರಲ್ಲಿ ಅದು ಸಿಟ್ರಿಕ್ಸ್ ಕಂಪನಿಯ ವಶವಾಯಿತು. ಎಫ್ ಫೈವ್ ೨೦೦೪ರಲ್ಲಿ ತನ್ನ ಯಂತ್ರವನ್ನು ಪುನಾರಚಿಸಿ, ಅದರಲ್ಲಿ ಬಳಕೆದಾರನೇ ನಿಯಮಗಳನ್ನು ಬರೆಯಲು ಅವಕಾಶ ಕೊಟ್ಟಿತು. ಲೋಡ್ ಬ್ಯಾಲೆನ್ಸರ್ ಎಂಬ ಹಳೆಯ ಹೆಸರು ಸಾಲದೆ ಅಪ್ಲಿಕೇಷನ್ ಡೆಲಿವರಿ ಕಂಟ್ರೋಲರ್ ಎಂಬ ದೊಡ್ಡ ಹೆಸರು ರೂಢಿಗೆ ಬಂದಿತು. ಚಿಪ್ಪಿನ ವೇಗವನ್ನು ನೆಚ್ಚಿದವರು ಹಿಂದೆ ಬಿದ್ದುದಕ್ಕೂ ತಂತ್ರಾಂಶವನ್ನು ನೆಚ್ಚಿದವರು ಉಳಿದುದಕ್ಕೂ ಕಾರಣ ಇಲ್ಲಿ ದೊರೆಯುತ್ತದೆ: ಕಾಗದವನ್ನು ಓದಿ ಅರ್ಥಮಾಡಿಕೊಳ್ಳುವ ಕೆಲಸಕ್ಕೆ ಬದಲಾಯಿಸಬಲ್ಲ ಬುದ್ಧಿ ಬೇಕಿತ್ತು. ಸಿಸ್ಕೋ ತನ್ನ ಕೊನೆಯ ಲೋಡ್ ಬ್ಯಾಲೆನ್ಸರಿನ ಅಭಿವೃದ್ಧಿಯನ್ನು ೨೦೧೨ರಲ್ಲಿ ಕೈಬಿಟ್ಟಿತು.

ಈ ದೊಡ್ಡ ಯಂತ್ರಗಳಿಗೆ ಸಮಾನಾಂತರವಾಗಿ ಮುಕ್ತ ತಂತ್ರಾಂಶದ ಒಂದು ಪರಂಪರೆ ಬೆಳೆದುಬಂದಿದೆ. ಚೀನದ ಜಾಂಗ್ ವೆನ್‌ಸಾಂಗ್ ೧೯೯೮ರಲ್ಲಿ ಆರಂಭಿಸಿದ ಲಿನಕ್ಸ್ ವರ್ಚುಯಲ್ ಸರ್ವರ್ ನಾಲ್ಕನೆಯ ಸ್ತರದ್ದು. ಅದರ ಒಂದು ಕ್ರಮದಲ್ಲಿ ಕೋರಿಕೆಯು ಮಧ್ಯಸ್ಥನ ಮೂಲಕ ಬರುತ್ತದೆ, ಉತ್ತರವು ಮಧ್ಯಸ್ಥನನ್ನು ಬಳಸದೆ ಸರ್ವರಿನಿಂದ ನೇರವಾಗಿ ಗ್ರಾಹಕನಿಗೆ ಹೋಗುತ್ತದೆ. ವೆಬ್ಬಿನಲ್ಲಿ ಕೋರಿಕೆ ಚಿಕ್ಕದು, ಉತ್ತರ ದೊಡ್ಡದಷ್ಟೆ. ಹೀಗಾಗಿ ಸಾಧಾರಣ ಗಣಕವೊಂದು ಬಹು ದೊಡ್ಡ ಸಮೂಹಕ್ಕೆ ಹಂಚಬಲ್ಲದಾಯಿತು. ಫ್ರಾನ್ಸಿನ ವಿಲ್ಲಿ ತಾರೋ ೨೦೦೧ರಲ್ಲಿ ಹೊರತಂದ ಎಚ್‌ಎ-ಪ್ರಾಕ್ಸಿಯೂ ರಷ್ಯದ ಇಗೊರ್ ಸಿಸೊಯೆವ್ ೨೦೦೪ರಲ್ಲಿ ಪ್ರಕಟಿಸಿದ ಎಂಜಿನ್-ಎಕ್ಸೂ ಕೋರಿಕೆಯನ್ನು ಓದಬಲ್ಲವು. ಎಫ್ ಫೈವ್ ೨೦೧೯ರಲ್ಲಿ ಈ ಎರಡನೆಯದರ ಕಂಪನಿಯನ್ನು ೬೭ ಕೋಟಿ ಡಾಲರಿಗೆ ಕೊಂಡುಕೊಂಡಿತೆಂದರೆ ಪೈಪೋಟಿಯ ಬಿಸಿ ಎಷ್ಟಿತ್ತೆಂದು ಊಹಿಸಬಹುದು.

ಗೂಗಲ್ ಕಂಪನಿಯು ೨೦೦೮ರಿಂದ ಬಳಸುತ್ತಿದ್ದ ಮ್ಯಾಗ್ಲೆವ್ ಎಂಬ ವ್ಯವಸ್ಥೆಯ ವಿವರಗಳನ್ನು ೨೦೧೬ರಲ್ಲಿ ಪ್ರಕಟಿಸಿತು. ಅಲ್ಲಿ ಮಧ್ಯಸ್ಥಯಂತ್ರವು ಒಂದಲ್ಲ, ಹಲವು. ಎಲ್ಲವೂ ಸಾಧಾರಣ ಗಣಕಗಳು. ಯಾವ ಮಧ್ಯಸ್ಥನಿಗೆ ಪ್ಯಾಕೆಟ್ಟು ಬಂದರೂ ಒಂದೇ ಗಣಿತದಿಂದ ಒಂದೇ ಸರ್ವರಿನ ಆಯ್ಕೆಯಾಗುವಂತೆ ಅದನ್ನು ರಚಿಸಲಾಗಿದೆ. ಹೀಗೆ ಮಧ್ಯಸ್ಥರೇ ಹಲವರಾದಾಗ ಇನ್ನೊಂದು ಸಮಸ್ಯೆ ಬರುತ್ತದೆ. ಅತ್ಯಂತ ಕಡಿಮೆ ಹೊರೆಯ ಸರ್ವರನ್ನು ಹುಡುಕಿ ಕಳಿಸುವ ನಿಯಮ ನೋಡುವುದಕ್ಕೆ ಉತ್ತಮ. ಆದರೆ ತುಸು ಹಳತಾದ ಸುದ್ದಿಯನ್ನು ನಂಬಿ ಎಲ್ಲ ಮಧ್ಯಸ್ಥರೂ ಏಕಕಾಲದಲ್ಲಿ ಆ ಒಂದು ಸರ್ವರಿಗೇ ಕಳಿಸಿದರೆ ಅದು ಮುಳುಗುತ್ತದೆ. ಆಜರ್, ಬ್ರೋಡರ್, ಕಾರ್ಲಿನ್, ಉಪ್ಫಾಲ್ ೧೯೯೪ರಲ್ಲಿಯೂ ಮಿಟ್‌ಜೆನ್‌ಮಾಕರ್ ೧೯೯೬ರಲ್ಲಿಯೂ ತೋರಿಸಿದ ಉಪಾಯ ಇಲ್ಲಿ ಒದಗುತ್ತದೆ: ಯದೃಚ್ಛೆಯಿಂದ ಎರಡು ಸರ್ವರುಗಳನ್ನು ಆರಿಸಿ, ಅವುಗಳಲ್ಲಿ ಹಗುರವಾದುದಕ್ಕೆ ಕೊಡುವುದು. ಒಂದನ್ನೇ ಆರಿಸುವುದಕ್ಕಿಂತ ಎರಡರಲ್ಲಿ ಆರಿಸುವುದರಿಂದ ಅತಿ ಹೆಚ್ಚಿನ ಹೊರೆ ಬಹಳ ತಗ್ಗುತ್ತದೆ. ಮೂರನೆಯದನ್ನು ಸೇರಿಸಿದರೆ ಅಷ್ಟು ಲಾಭವಿಲ್ಲ. ಪೂರ್ಣಜ್ಞಾನಕ್ಕಿಂತ ಅಲ್ಪಜ್ಞಾನವೇ ಕೆಲವೊಮ್ಮೆ ಕ್ಷೇಮವೆಂಬುದಕ್ಕೆ ಗಣಿತದಲ್ಲಿ ದೊರೆಯುವ ಅಪರೂಪದ ನಿದರ್ಶನವಿದು.

ಈ ಹಿನ್ನೆಲೆಯಲ್ಲಿ ಸಂಸ್ಥೆಯೊಂದು ಇವುಗಳಲ್ಲಿ ಯಾವುದನ್ನು ಆರಿಸಬೇಕೆಂದು ಕೇಳಿದರೆ, ಮೊದಲು ನೋಡಬೇಕಾದುದು ಅದರ ಸರ್ವರುಗಳ ನೆನಪನ್ನು. ಗ್ರಾಹಕನ ಸ್ಥಿತಿಗತಿಯನ್ನು ಸಾಮಾನ್ಯ ಭಂಡಾರದಲ್ಲಿಟ್ಟು ಸರ್ವರುಗಳನ್ನು ಪರಸ್ಪರ ಸಮಾನವಾಗಿಸಿದ್ದರೆ ಎರ್ಲಾಂಗನ ನಿಬಂಧನೆ ಈಡೇರಿತು. ನಾಲ್ಕನೆಯ ಸ್ತರದ ಸರಳ ತಂತ್ರಾಂಶವೇ ಸಾಕು. ಬದಲಾಯಿಸಲಾಗದ ಹಳೆಯ ತಂತ್ರಾಂಶಗಳು ತುಂಬಿದ್ದು, ಅವುಗಳ ಕೊರತೆಗಳನ್ನು ನಡುವೆ ನಿಂತು ಮುಚ್ಚಬೇಕಾದ ಕಡೆ ದೊಡ್ಡ ಯಂತ್ರಗಳಿಗೆ ನಿಜವಾದ ಉಪಯೋಗವಿದೆ. ಬ್ಯಾಂಕುಗಳೂ ಸರ್ಕಾರಿ ಇಲಾಖೆಗಳೂ ಅವನ್ನು ಕೊಳ್ಳುವುದು ಅವಿವೇಕದಿಂದಲ್ಲ.

ಆದರೆ ಕೀಲಿಯನ್ನು ಒಪ್ಪಿಸಿದುದರ ಪರಿಣಾಮವನ್ನೂ ಲೆಕ್ಕಕ್ಕೆ ಹಿಡಿಯಬೇಕು. ೨೦೧೯ರ ಡಿಸೆಂಬರಿನಲ್ಲಿ ಸಿಟ್ರಿಕ್ಸಿನ ಯಂತ್ರಗಳಲ್ಲಿಯೂ ೨೦೨೦ರ ಜುಲೈಯಲ್ಲಿ ಬಿಗ್-ಐಪಿಯಲ್ಲಿಯೂ, ಹೊರಗಿನವನು ಗುರುತು ಹೇಳದೆಯೇ ಯಂತ್ರವನ್ನು ವಶಪಡಿಸಿಕೊಳ್ಳಬಹುದಾದ ದೋಷಗಳು ಬಯಲಾದವು. ೨೦೨೩ರ ಅಕ್ಟೋಬರಿನಲ್ಲಿ ‘ಸಿಟ್ರಿಕ್ಸ್ ಬ್ಲೀಡ್’ ಎಂದು ಹೆಸರಾದ ದೋಷವು ಯಂತ್ರದ ನೆನಪಿನಿಂದಲೇ ಬಳಕೆದಾರರ ಗುರುತುಚೀಟಿಗಳನ್ನು ಸೋರಿಸಿತು. ಗುಪ್ತಪದವನ್ನೂ ಎರಡನೆಯ ಪರಿಶೀಲನೆಯನ್ನೂ ದಾಟಿ ಪಡೆದ ಚೀಟಿಗಳವು. ಕದ್ದವನಿಗೆ ಆ ಎರಡೂ ಅಡ್ಡಿಯಾಗಲಿಲ್ಲ. ಸರ್ವರೊಂದು ಕೆಟ್ಟರೂ ಸೇವೆ ನಿಲ್ಲದಿರಲೆಂದು ಹುಟ್ಟಿದ ಯಂತ್ರವೇ ಇಡೀ ಸಂಸ್ಥೆಯ ಹೆಬ್ಬಾಗಿಲಾಗಿತ್ತು. ೨೦೨೫ರ ಅಕ್ಟೋಬರಿನಲ್ಲಿ ಎಫ್ ಫೈವ್ ಕಂಪನಿಯು, ಒಂದು ರಾಷ್ಟ್ರದ ಬೆಂಬಲವುಳ್ಳ ಆಕ್ರಮಣಕಾರರು ತನ್ನ ಜಾಲದಲ್ಲಿ ದೀರ್ಘಕಾಲ ನೆಲೆಸಿದ್ದು ಬಿಗ್-ಐಪಿಯ ಮೂಲ ಸಂಕೇತದ ಭಾಗಗಳನ್ನೂ ಇನ್ನೂ ಪ್ರಕಟವಾಗದ ಕೆಲವು ದೋಷಗಳ ವಿವರಗಳನ್ನೂ ಒಯ್ದರೆಂದು ತಾನೇ ತಿಳಿಸಿತು. ಅಮೆರಿಕ ಸರ್ಕಾರವು ಆ ಯಂತ್ರಗಳು ಎಲ್ಲೆಲ್ಲಿವೆಯೆಂದು ಪಟ್ಟಿಮಾಡಿ ಅವುಗಳ ದೋಷಗಳನ್ನು ಸರಿಪಡಿಸುವಂತೆ ತನ್ನ ನಾಗರಿಕ ಇಲಾಖೆಗಳಿಗೆ ತುರ್ತು ಆಜ್ಞೆ ಹೊರಡಿಸಿತು.